ನಳಿಗೆಯ ಮೇಲಿನ 1222: ಬಂದೂಕಿನ ಬರಹ ಓದುವ ರೀತಿಯ ಬಗ್ಗೆ ಒಂದು ತಕರಾರು

ಕಲ್ಲಿನ ಶಾಸನ ಓದುವಾಗ ನಮಗೊಂದು ಶಿಸ್ತು ಇದೆ. ಶಕವರ್ಷ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸುವುದಿಲ್ಲ. ಸಂವತ್ಸರ ಹೊಂದುತ್ತದೆಯೇ, ತಿಥಿ ವಾರ ಕೂಡುತ್ತವೆಯೇ, ಅಕ್ಷರದ ಬಗೆ ಆ ಕಾಲದ್ದೇ ಅಥವಾ ನೂರು ವರ್ಷ ಈಚಿನದ್ದೇ, ಒಂದೇ ಕಲ್ಲಿನ ಮೇಲೆ ಎರಡನೆಯ ಕೈ ಕೆಲಸ ಮಾಡಿದೆಯೇ, ಇಷ್ಟನ್ನೂ ನೋಡಿದ ಮೇಲೆಯೇ ಕಾಲನಿರ್ಣಯ. ಹೊಂದದೆ ಹೋದರೆ ಕೂಟಶಾಸನವೋ ಏನೋ ಎಂದು ಅನುಮಾನಿಸುತ್ತೇವೆ. ಆದರೆ ಅದೇ ಬರಹ ಬಂದೂಕಿನ ನಳಿಗೆಯ ಮೇಲಿದ್ದರೆ ಈ ಶಿಸ್ತೆಲ್ಲ ಗಾಳಿಗೆ ಹೋಗುತ್ತದೆ. ಪಾರಸಿ ಅಕ್ಷರ ಕಂಡರೆ ಟಿಪ್ಪು, ಇಂಗ್ಲಿಷ್ ಅಕ್ಷರ ಕಂಡರೆ ಕಂಪನಿ, ಒಂದು ಅಂಕಿ ಕಂಡರೆ ಅದೇ ತಯಾರಾದ ಇಸವಿ. ಸ್ಥಳೀಯ ಇತಿಹಾಸದ ಲೇಖನಗಳಲ್ಲಿ, ಸಂಗ್ರಹಗಳ ಚೀಟಿಗಳಲ್ಲಿ, ಹರಾಜಿನ ಪಟ್ಟಿಗಳಲ್ಲೂ ಈ ಅವಸರ ಕಾಣುತ್ತದೆ. ನನ್ನ ತಕರಾರು ಇರುವುದು ಇದರ ಮೇಲೆ.

ತಕರಾರಿನ ಮೂಲ ಸರಳ. ನಳಿಗೆಯ ಮೇಲೆ ಇರುವುದು ಒಂದು ಬರಹ ಅಲ್ಲ. ಮಾಡಿದವನ ಹೆಸರು, ಮಾಡಿಸಿದವನ ಮುದ್ರೆ, ಮದ್ದು ತುಂಬಿ ಹಾರಿಸಿ ಪರೀಕ್ಷಿಸಿದವರ ಠಸ್ಸೆ, ಉಗ್ರಾಣದ ಸಂಖ್ಯೆ, ಗೆದ್ದು ಒಯ್ದವನ ಹೆಗ್ಗಳಿಕೆ, ಮಾರಿದ ಅಂಗಡಿಯ ಹೆಸರು ಎಲ್ಲವೂ ಒಂದೇ ಕೊಳವೆಯ ಮೇಲೆ ಕೂತಿರಬಹುದು. ಒಂದೊಂದಕ್ಕೂ ಅದರದೇ ಕಾಲ. ಬೇರೆ ಬೇರೆಯಾಗಿ ಓದಿ, ಬೇರೆ ಬೇರೆಯಾಗಿ ಕಾಲ ಹಚ್ಚಿ, ಆಮೇಲೆ ಒಟ್ಟಿಗೆ ಇಟ್ಟು ನೋಡಬೇಕು.

ಇದಕ್ಕೆ ನಮ್ಮಲ್ಲೇ ದೊಡ್ಡ ಪಾಠವಿದೆ: ವಿಜಯಪುರದ ಷೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್. ಇದು ಕೈಬಂದೂಕಲ್ಲ, ಫಿರಂಗಿ. ಸುಮಾರು 55 ಟನ್ ತೂಕ, ಹದಿನಾಲ್ಕು ಅಡಿಗೂ ಮಿಕ್ಕಿದ ಉದ್ದ, ಬಾಯಿಯ ಹತ್ತಿರ ಆನೆಯನ್ನು ನುಂಗುತ್ತಿರುವ ಸಿಂಹದ ಮುಖ. ಆದರೂ ಓದುವ ನಿಯಮ ಒಂದೇ. ಇದರ ಮೇಲೆ ಹಿಜರಿ 956ರ ಬರಹವಿದೆ, ಅಂದರೆ ಕ್ರಿ.ಶ. 1549. ಪ್ರವಾದಿಯ ಮನೆತನದ ಸೇವಕ ಎಂದು ತನ್ನನ್ನು ಕರೆದುಕೊಂಡ ನಿಜಾಮ್ ಶಾಹನ ಹೆಸರಿದೆ. ಎರಕ ಹೊಯ್ದ ಮಹಮ್ಮದ್‌ನ ಹೆಸರಿದೆ, ಅದರ ಜೊತೆಗೆ 'ರೂಮಿ' ಎಂಬ ಗುರುತು ಇದೆ. ರೂಮಿ ಅಂದರೆ ತುರ್ಕರ ಸೀಮೆಯವನು. ಅಂದಮೇಲೆ ಇದು ಆದಿಲ್ ಶಾಹಿಗಳು ಮಾಡಿಸಿದ್ದಲ್ಲ, ಅಹಮದನಗರದಲ್ಲಿ ಹುಟ್ಟಿ ವಿಜಯಪುರಕ್ಕೆ ಬಂದದ್ದು. 'ಪ್ರವಾದಿಯ ಮನೆತನದ ಸೇವಕ' ಎಂಬ ಆ ಮಾತೂ ಸುಮ್ಮನೆ ಬಂದ ಅಲಂಕಾರವಲ್ಲ. ಬುರ್ಹಾನ್ ನಿಜಾಮ್ ಶಾಹ ಶಿಯಾ ಪಂಥವನ್ನು ಒಪ್ಪಿಕೊಂಡಿದ್ದವನು. ಬಿರುದಿನ ಆ ನುಡಿ ಇಸವಿಗೆ ಸಾಕ್ಷಿ ಹೇಳುತ್ತದೆ.

ಇದೇ ಫಿರಂಗಿಯ ಮೇಲೆ ಇನ್ನೊಂದು ಬರಹ, ಹಿಜರಿ 1097ರದ್ದು, ಔರಂಗಜೇಬನದ್ದು. 1686ರಲ್ಲಿ ವಿಜಯಪುರ ಬಿದ್ದ ಮೇಲೆ, ತಾನು ಗೆದ್ದೆ ಎಂದು ಹೇಳುವುದಕ್ಕೆ ಹಾಕಿಸಿದ್ದು. ಎರಡು ಬರಹಗಳ ನಡುವೆ ಹೆಚ್ಚುಕಡಿಮೆ 137 ವರ್ಷ. ಈಗ ಒಂದು ಕ್ಷಣ ಹೀಗೆ ಯೋಚಿಸಿ. ಮಳೆ ಗಾಳಿಗೋ ಜನರ ಕೈ ಸವರಿಕೆಗೋ ಮೊದಲ ಬರಹ ಅಳಿಸಿಹೋಗಿ 1097 ಮಾತ್ರ ಉಳಿದಿದ್ದರೆ? ನಾವೆಲ್ಲ ಅದನ್ನು ಮೊಗಲರ ಫಿರಂಗಿ ಅಂತಲೇ ಬರೆಯುತ್ತಿದ್ದೆವು. ಇಸವಿ ಇದೆ, ಬಾದಶಹನ ಹೆಸರಿದೆ, ಇನ್ನೇನು ಬೇಕು ಅಂತ ವಾದವನ್ನೂ ಮಾಡುತ್ತಿದ್ದೆವು. ಬುರುಜಿಗೆ ಬೇರೆಯೇ ಶಾಸನವಿದೆ, ಅದರ ಕಾಲವೂ ಬೇರೆ. ಕೂತ ಜಾಗದ ಇಸವಿಯನ್ನು ಕೂತ ವಸ್ತುವಿಗೆ ಹಚ್ಚುವ ಹಾಗಿಲ್ಲ. ದೇವಸ್ಥಾನದ ಗೋಡೆಗೆ ಆಮೇಲೆ ಸೇರಿಸಿದ ದಾನಶಾಸನವನ್ನು ಹಿಡಿದುಕೊಂಡು ಗುಡಿ ಕಟ್ಟಿದ ವರ್ಷ ಹೇಳುವವರನ್ನು ನಾವು ನಗುತ್ತೇವೆ, ಅಲ್ವಾ? ಫಿರಂಗಿ ಬಂದೂಕುಗಳ ವಿಷಯದಲ್ಲೂ ಅದೇ ನಗು ಬರಬೇಕು.

ಇನ್ನು ನಿಜವಾಗಿ ಗೋಜಲಾಗಿರುವ ಜಾಗಕ್ಕೆ ಬರೋಣ. ಶ್ರೀರಂಗಪಟ್ಟಣದ ಬಂದೂಕುಗಳು.

ಟಿಪ್ಪುವಿನ ಕಾರ್ಖಾನೆಗಳಿಂದ ಬಂದ ಒಳ್ಳೆಯ ನಳಿಗೆಗಳ ಮೇಲೆ ಹುಲಿಪಟ್ಟೆ ಇರುತ್ತದೆ, ಊರಿನ ಹೆಸರಾಗಿ 'ಪಟನ್' ಇರುತ್ತದೆ, ಕೆಲವು ಸಲ ಮಾಡಿದವನ ಹೆಸರೂ ಇರುತ್ತದೆ, ಮತ್ತೆ ಒಂದು ಸಾಲು ಅಂಕಿ. ಎಡವುವುದು ಆ ಅಂಕಿಯಲ್ಲೇ. ಉದಾಹರಣೆಗೆ 1222 ಎಂದು ಇಟ್ಟುಕೊಳ್ಳಿ. ಮುಸಲ್ಮಾನ ದೊರೆ, ಪಾರಸಿ ಅಂಕಿ, ಆದ್ದರಿಂದ ಹಿಜರಿ ಎಂದು ತಿಳಿದರೆ ಅದು 1807-08 ಆಗುತ್ತದೆ. ಶ್ರೀರಂಗಪಟ್ಟಣ ಬಿದ್ದದ್ದು, ಟಿಪ್ಪು ಸತ್ತದ್ದು 1799ರ ಮೇ 4ರಂದು. ಸತ್ತು ಎಂಟು ವರ್ಷದ ಮೇಲೆ ಅವನ ಮುದ್ರೆ ಹಾಕಿ ಬಂದೂಕು ಮಾಡಿದವರು ಯಾರು? ಇಲ್ಲಿ ಎರಡು ತಪ್ಪು ದಾರಿ ತೆರೆಯುತ್ತವೆ. ಒಬ್ಬರು ಬಂದೂಕೇ ನಕಲಿ ಅನ್ನುತ್ತಾರೆ. ಇನ್ನೊಬ್ಬರು ಕಂಪನಿಯ ಕಾಲದಲ್ಲೂ ಪಟ್ಟಣದ ಕಾರ್ಖಾನೆ ನಡೆಯುತ್ತಿತ್ತು ಎಂದು ಹೊಸ ಇತಿಹಾಸವನ್ನೇ ಕಟ್ಟುತ್ತಾರೆ. ಎರಡಕ್ಕೂ ಆಧಾರ ಒಂದೇ, ಓದಿನ ತಪ್ಪು.

ಟಿಪ್ಪು 1787ರ ಯುಗಾದಿಯಿಂದ ಹೊಸ ಎಣಿಕೆ ಶುರುಮಾಡಿದ. ನಾಣ್ಯ ಸಂಗ್ರಹಿಸುವವರು ಅದನ್ನು ಮೌಲೂದಿ ಎನ್ನುತ್ತಾರೆ. ಅವನ ನಾಣ್ಯಗಳನ್ನು ಸಾಲಾಗಿ ಇಟ್ಟರೆ ಹಿಜರಿ 1197, 1198, 1199, 1200 ಆದ ಮೇಲೆ ಒಮ್ಮೆಲೇ 1215ಕ್ಕೆ ಜಿಗಿತ. ನಡುವೆ ಹದಿನಾಲ್ಕು ವರ್ಷ ಎಲ್ಲಿ ಹೋಯಿತು ಅಂತ ಹುಡುಕಬೇಡಿ, ಎಲ್ಲೂ ಹೋಗಿಲ್ಲ. ಎಣಿಸುವ ಬುಡ ಬದಲಾಯಿತು, ಅಷ್ಟೇ. ಜೊತೆಗೆ ಹಿಜರಿಯ ಹಾಗೆ ಇದು ಬರೀ ಚಾಂದ್ರಮಾನವಲ್ಲ. ನಮ್ಮ ಪಂಚಾಂಗದ ಹಾಗೆ ಅಧಿಕಮಾಸ ಸೇರಿಸಿ ಋತುವಿಗೆ ಹೊಂದಿಸಿಕೊಳ್ಳುವ ವರ್ಷ, ಯುಗಾದಿಗೆ ಶುರು.

ಇದು ಹೇಗೆ ಗೊತ್ತು ಅಂದರೆ, ಶಾಸನ ಓದುವವರಿಗೆ ಖುಷಿಯಾಗುವ ಸಾಕ್ಷಿ ನಾಣ್ಯಗಳ ಮೇಲೇ ಇದೆ. ಟಿಪ್ಪು ವರ್ಷಕ್ಕೆ ಹೆಸರನ್ನೂ ಇಟ್ಟಿದ್ದ. ಆ ಹೆಸರಿನ ಅಕ್ಷರಗಳ ಬೆಲೆ ಕೂಡಿಸಿದರೆ ಅರವತ್ತು ಸಂವತ್ಸರಗಳ ಚಕ್ರದಲ್ಲಿ ಅದು ಎಷ್ಟನೆಯದು ಎಂಬುದು ಬರುತ್ತದೆ. ಪ್ರಭವ ಒಂದು, ಅಕ್ಷಯ ಅರವತ್ತು, ನಮ್ಮದೇ ಚಕ್ರ. ಹಿಜರಿ 1200ರ ನಾಣ್ಯದ ವರ್ಷದ ಹೆಸರು 'ದಲ್ವ್'. ಹಳೆಯ ಅಬ್ಜದ್ ಲೆಕ್ಕದಲ್ಲಿ ದಾಲ್ 4, ಲಾಮ್ 30, ವಾವ್ 6, ಒಟ್ಟು 40. ನಲವತ್ತನೆಯ ಸಂವತ್ಸರ ಪರಾಭವ, ಅಂದರೆ 1786-87. ಮುಂದಿನ ವರ್ಷ ಅಂಕಿ 1215ಕ್ಕೆ ಹಾರಿದರೂ ಹೆಸರಿನ ಬೆಲೆ 41, ಪ್ಲವಂಗ. ಆಗ ಅಕ್ಷರಗಳಿಗೆ ಬೆಲೆ ಕಟ್ಟುವ ಕ್ರಮವನ್ನೂ ಅವನು ಬದಲಿಸಿದ್ದ. ಅಕ್ಷರಮಾಲೆ ಮಕ್ಕಳು ಕಲಿಯುವ ಸಾಲಿನಲ್ಲೇ ಬೆಲೆ ಕೊಡುವ ಹೊಸ ಲೆಕ್ಕ. 'ಜಬರ್ಜದ್' ಅನ್ನು ಈ ಲೆಕ್ಕಕ್ಕೆ ಹಾಕಿ: ಜೇ 20, ಬೇ 2, ರೇ 10, ಜೀಮ್ 5, ದಾಲ್ 8. ಒಟ್ಟು 45, ವಿರೋಧಿಕೃತು, 1791-92. ಅದರ ಅಂಕಿ 1219. ಕೊನೆಯ ವರ್ಷ 1227ರ ಹೆಸರು 'ಬಾರಿಶ್'. ಬೇ 2, ಅಲಿಫ್ 1, ರೇ 10, ಶೀನ್ 40. ಒಟ್ಟು 53, ಸಿದ್ಧಾರ್ಥಿ. ಟಿಪ್ಪು ಸತ್ತದ್ದು ಸಿದ್ಧಾರ್ಥಿ ಸಂವತ್ಸರದಲ್ಲೇ. ಎಲ್ಲೂ ಒಂದು ಎಳೆ ಬಿಟ್ಟುಹೋಗುವುದಿಲ್ಲ.

ಹಾಗಾಗಿ ಮೌಲೂದಿ ಅಂಕಿಗೆ 572 ಕೂಡಿಸಿದರೆ ಆ ವರ್ಷದ ಯುಗಾದಿ ಬಿದ್ದ ಕ್ರಿ.ಶ. ವರ್ಷ ಸಿಗುತ್ತದೆ. 1222 ಅಂದರೆ 1794ರ ಯುಗಾದಿಯಿಂದ 1795ರ ಯುಗಾದಿಯ ತನಕ, ಆನಂದ ಸಂವತ್ಸರ. ಕೆಲವರು ಮೌಲೂದಿ ಅಂದರೆ ಜನನದ ಶಕೆ, ಪ್ರವಾದಿಯ ಜನನ 571, ಅದನ್ನು ಕೂಡಿಸಿಬಿಡೋಣ ಅನ್ನುತ್ತಾರೆ. ಒಂದು ವರ್ಷ ಹಿಂದಕ್ಕೆ ಬೀಳುತ್ತದೆ. ಒಂದು ವರ್ಷ ತಾನೇ, ಏನು ಮಹಾ ಅನ್ನಬೇಡಿ. 1219 ಎಂಬ ಅಂಕಿಯ ನಳಿಗೆಯನ್ನೇ ತೆಗೆದುಕೊಳ್ಳಿ. 571 ಕೂಡಿಸಿದರೆ 1790-91, ಬೆಂಗಳೂರು ಇನ್ನೂ ಟಿಪ್ಪುವಿನ ಕೈಯಲ್ಲಿದ್ದ ವರ್ಷ. ಸರಿಯಾಗಿ 572 ಕೂಡಿಸಿದರೆ ಆ ವರ್ಷ ಶುರುವಾಗುವುದೇ 1791ರ ಏಪ್ರಿಲ್‌ನಲ್ಲಿ. ಅಷ್ಟು ಹೊತ್ತಿಗೆ, ಮಾರ್ಚ್ 21ರಂದೇ, ಕಾರ್ನ್‌ವಾಲಿಸ್ ಬೆಂಗಳೂರು ಕೋಟೆಯನ್ನು ಹಿಡಿದಾಗಿತ್ತು. ಬೆಂಗಳೂರು, ಚಿತ್ರದುರ್ಗ, ಬಿದನೂರು, ಶ್ರೀರಂಗಪಟ್ಟಣಗಳಲ್ಲಿ ಹಂಚಿಹೋಗಿದ್ದ ಕಾರ್ಖಾನೆಗಳಲ್ಲಿ ಒಂದು ಕೈತಪ್ಪಿದ ಮೇಲೆ ಮಾಡಿದ ಬಂದೂಕು ಅದು. ಯುದ್ಧದ ನಡುವೆ ಆ ಕಸುಬು ಹೇಗೆ ನಡೆಯಿತು ಎಂದು ಕೇಳುವವರಿಗೆ ಇಂಥ ನಳಿಗೆಗಳೇ ದಾಖಲೆ. ಒಂದು ವರ್ಷ ತಪ್ಪಿದರೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ.

ಇನ್ನೊಂದು ತೊಡಕು ಇದೆ. ಪಾರಸಿ ಬರಹ ಬಲದಿಂದ ಎಡಕ್ಕೆ, ಆದರೆ ಅಂಕಿಗಳು ನಮ್ಮ ಹಾಗೆಯೇ ಎಡದಿಂದ ಬಲಕ್ಕೆ. ಟಿಪ್ಪು ಹೊಸ ಎಣಿಕೆಯ ಜೊತೆಗೆ ಇದನ್ನೂ ತಿರುಗಿಸಿದ: ಅಂಕಿಯೂ ಬಲದಿಂದ ಎಡಕ್ಕೆ. ನಾಣ್ಯದ ಮೇಲೆ 1215 ನಮ್ಮ ಕಣ್ಣಿಗೆ 5121 ಆಗಿ ಕಾಣುವುದು ಇದರಿಂದ. ಬಂದೂಕಿನಲ್ಲಿ 2221 ಕಂಡರೆ ಅದನ್ನು ಉಗ್ರಾಣದ ಸಂಖ್ಯೆ ಎಂದು ಬದಿಗಿಡಬೇಡಿ, ಅದು 1222 ಇರಬಹುದು. ಈ ಹದಿಮೂರು ವರ್ಷಗಳಲ್ಲಿ ಎತ್ತಲಿಂದ ಓದಿದರೂ ಮೋಸವಾಗದ ವರ್ಷ ಒಂದೇ, 1221. ಪಾರಸಿ ಅಂಕಿಗಳಲ್ಲಿ 2ಕ್ಕೂ 3ಕ್ಕೂ ಒಂದು ಹಲ್ಲಿನ ವ್ಯತ್ಯಾಸ. ತುಕ್ಕು ಒಂದು ಹಲ್ಲನ್ನು ತಿಂದರೆ 1223 ಹೋಗಿ 1222 ಆಗುತ್ತದೆ. ಸೊನ್ನೆ ಬರೀ ಚುಕ್ಕೆ. ತುಕ್ಕಿನ ಗುಳಿಯೂ ಚುಕ್ಕೆಯೇ. ಇನ್ನು 1227 ಎಂದು ಓದಿದ ನಳಿಗೆ ಎದುರಾದರೆ ಎರಡು ಸಲ ಅನುಮಾನಿಸಿ. 1799ರ ಯುಗಾದಿಯಿಂದ ಪಟ್ಟಣ ಬೀಳುವವರೆಗೆ ಒಂದು ತಿಂಗಳೂ ತುಂಬಲಿಲ್ಲ.

ಇದೆಲ್ಲ ಹೊಸ ಸಂಶೋಧನೆಯೇನಲ್ಲ. ಹೆಂಡರ್ಸನ್ ಅವರ ಹೈದರ್-ಟಿಪ್ಪು ನಾಣ್ಯಗಳ ಪುಸ್ತಕ 1921ರಲ್ಲೇ ಮದರಾಸಿನಲ್ಲಿ ಅಚ್ಚಾಯಿತು. ಬಂದೂಕುಗಳ ಬಗ್ಗೆ ರಾಬಿನ್ ವಿಗಿಂಗ್ಟನ್ ಅವರ ಪುಸ್ತಕ 1992ರಲ್ಲಿ ಬಂತು. ವಿಗಿಂಗ್ಟನ್ ಅವರ ಕೆಲಸಕ್ಕೆ ನಾವು ಋಣಿಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಸಂಗ್ರಾಹಕರೊಬ್ಬರ ಪುಸ್ತಕ. ಅವರದೇ ಸಂಗ್ರಹ 2005ರಲ್ಲಿ ಲಂಡನ್ನಿನ ಸೊಥೆಬೀಸ್‌ನಲ್ಲಿ ಹರಾಜಾಯಿತು. ಸಂಗ್ರಾಹಕರ ಕಣ್ಣು ಸಹಜವಾಗಿ ಬೆಳ್ಳಿ ಚಿನ್ನದ ಕೆಲಸವಿರುವ, ದೊರೆಯ ಕೈಗೆ ಹೋದ ಬಂದೂಕುಗಳ ಮೇಲೆ. 1799ರ ಲೂಟಿಯಲ್ಲಿ ಹಡಗು ಹತ್ತಿದವೂ ಅವೇ. ಸಾಮಾನ್ಯ ಸಿಪಾಯಿ ಹೆಗಲಿಗೆ ಹಾಕಿಕೊಂಡ ಒರಟು ಬಂದೂಕಿನ ಠಸ್ಸೆಗಳು ಈ ಓದಿನಲ್ಲಿ ಹಿಂದೆ ಉಳಿಯುತ್ತವೆ. ನಮ್ಮ ಕಡೆಯಿಂದ ತುಂಬಬೇಕಾದ ಜಾಗ ಅದು. ಬರೀ ಹುಲಿ ಕಂಡ ತಕ್ಷಣ ಹಿಗ್ಗುವುದರಿಂದ ಅದು ತುಂಬುವುದಿಲ್ಲ.

ಹುಲಿಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಲಾಕಿನ ತಗಡಿನ ಮೇಲೆ ಹಿಂಗಾಲಿನ ಮೇಲೆ ನಿಂತು ಕಿರೀಟ ಹಿಡಿದ ಪ್ರಾಣಿ ಕಂಡರೆ ಅದು ಟಿಪ್ಪುವಿನ ಹುಲಿಯಲ್ಲ, ಈಸ್ಟ್ ಇಂಡಿಯಾ ಕಂಪನಿಯ ಸಿಂಹ. ಕಂಪನಿ ಅದನ್ನು ಹಾಕಲು ಶುರುಮಾಡಿದ್ದು 1808ರಿಂದ. ಅದಕ್ಕೂ ಮೊದಲು ಕಂಪನಿಯ ಗುರುತು ಒಂದು ಹೃದಯದ ಆಕಾರ, ಅದರೊಳಗೆ ನಾಲ್ಕು ಮನೆ, ಮನೆಗೊಂದು ಅಕ್ಷರ: ವಿ, ಇ, ಐ, ಸಿ. ಮೇಲೆ ಇಂಗ್ಲಿಷಿನ 4ರಂತೆ ಕಾಣುವ ಗೀಟು. ಆ 4 ಅಂಕಿಯಲ್ಲ, ಸರಕಿನ ಮೂಟೆಗಳ ಮೇಲೆ ವರ್ತಕರು ಹಾಕುತ್ತಿದ್ದ ಗುರುತಿನ ತುಂಡು. ವಿ ಎಂಬುದು ಹಳೆಯ ಪದ್ಧತಿಯ ಯು, ಅಂದರೆ 'ಯುನೈಟೆಡ್'. ಇದನ್ನು ಡಚ್ಚರ ಕಂಪನಿಯ ವಿ-ಒ-ಸಿ ಎಂದು ಓದುವುದೂ ಉಂಟು. ಹೃದಯವಿದ್ದರೆ 1808ಕ್ಕೆ ಮೊದಲು, ಸಿಂಹವಿದ್ದರೆ ಆಮೇಲೆ. ಇಷ್ಟು ಸ್ಪಷ್ಟವಾದ ಗಡಿ ಕಲ್ಲಿನ ಶಾಸನದಲ್ಲೂ ಅಪರೂಪ.

'ಟವರ್' ಎಂಬ ಮಾತೂ ಹಾಗೆಯೇ ಓದುಗರನ್ನು ದಾರಿ ತಪ್ಪಿಸುತ್ತದೆ. ಅದು ಮಾಡಿದವನ ಹೆಸರಲ್ಲ, ಬ್ರಿಟಿಷ್ ಸೈನ್ಯದ ಆಯುಧ ಇಲಾಖೆ ಇದ್ದ ಲಂಡನ್ನಿನ ಟವರ್. 1764ರವರೆಗೆ ಅವರ ಲಾಕುಗಳ ಮೇಲೆ ಗುತ್ತಿಗೆದಾರನ ಹೆಸರು, ವರ್ಷ ಎರಡೂ ಇರುತ್ತಿದ್ದವು. ಆಮೇಲೆ ಅವು ಹೋಗಿ ಟವರ್ ಮಾತ್ರ ಉಳಿಯಿತು. ಇಲ್ಲಿ ಇನ್ನೊಂದು ಎಚ್ಚರ ಬೇಕು: ಈ ಬರಹ ಇರುವುದು ಲಾಕಿನ ಮೇಲೆ, ನಳಿಗೆಯ ಮೇಲಲ್ಲ. ಲಾಕು ಬಿಚ್ಚಿ ಬೇರೆ ಬಂದೂಕಿಗೆ ಹಾಕಬಹುದು, ಹಾಕಿದ್ದಾರೆ ಕೂಡ. 1840ರ ಆಸುಪಾಸಿನಲ್ಲಿ ಚಕಮಕಿ ಕಲ್ಲಿನ ಬಂದೂಕುಗಳನ್ನು ಕೇಪು ಹೊಡೆಯುವ ಬಂದೂಕುಗಳಾಗಿ ಬದಲಾಯಿಸಿದಾಗ ಹಳೆ ನಳಿಗೆಗೆ ಹೊಸ ಭಾಗ, ಹೊಸ ಹಿಡಿಗೆ ಹಳೆ ನಳಿಗೆ ಸೇರಿಕೊಂಡವು. ಒಂದು ಭಾಗದ ಇಸವಿಯನ್ನು ಇನ್ನೊಂದಕ್ಕೆ ಸಾಲ ಕೊಡಬೇಡಿ.

ನಳಿಗೆಯ ಬುಡದಲ್ಲಿ ಇರುವುದು ಪರೀಕ್ಷೆಯ ಠಸ್ಸೆ. ಹೆಚ್ಚು ಮದ್ದು ತುಂಬಿ ಹಾರಿಸಿ, ಸಿಡಿಯದಿದ್ದರೆ ಒತ್ತುವ ಮುದ್ರೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ ಹುಟ್ಟಿದ್ದು 1813ರಲ್ಲಿ. ಅಡ್ಡಡ್ಡ ಇಟ್ಟ ಎರಡು ರಾಜದಂಡ, ಮೇಲೆ ಕಿರೀಟ, ಸುತ್ತ ಬಿ-ಪಿ-ಸಿ ಅಕ್ಷರ ಇದ್ದರೆ 1813ರಿಂದ 1904ರ ನಡುವೆ. ಕಿರೀಟದ ಕೆಳಗೆ ಎನ್-ಪಿ ಇದ್ದರೆ 1904ರ ಈಚೆಗೆ, ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದದ್ದು. ಬೆಲ್ಜಿಯಮ್ಮಿನ ಲಿಯೇಜ್ ಊರಿನದ್ದಾದರೆ ಮೊಟ್ಟೆಯಾಕಾರದೊಳಗೆ ಇ-ಎಲ್-ಜಿ; ಅದರ ಮೇಲೆ ಕಿರೀಟ ಬಂದದ್ದು 1893ರಿಂದ. ಒಂದು ಸೂಕ್ಷ್ಮ ಗಮನಿಸಿ. ಪರೀಕ್ಷೆಯ ಮುದ್ರೆ ಹೇಳುವುದು ಪರೀಕ್ಷೆಯ ಕಾಲವನ್ನು. ಹಳೆ ನಳಿಗೆಯನ್ನು ಮತ್ತೆ ಪರೀಕ್ಷೆಗೆ ಕಳಿಸಿದರೆ ಹಳತರ ಪಕ್ಕದಲ್ಲೇ ಹೊಸದು ಬೀಳುತ್ತದೆ. ಹಾಗಾಗಿ ಎರಡು ಠಸ್ಸೆ ಇದ್ದಾಗ ಹಳತನ್ನು ಹಿಡಿಯಿರಿ.

ನಕಲು ಹಿಡಿಯುವುದಕ್ಕೂ ನಮ್ಮ ವಿದ್ಯೆಯೇ ಸಾಕು. ಖೈಬರ್ ಕಣಿವೆಯ ಕಮ್ಮಾರರು ಬ್ರಿಟಿಷ್ ಬಂದೂಕುಗಳನ್ನು ಠಸ್ಸೆ ಸಮೇತ ನಕಲು ಮಾಡಿದರು. ಇಂಗ್ಲಿಷ್ ಓದಲು ಬಾರದ ಕೈ ಕೆತ್ತಿದ್ದರಿಂದ ಎನ್ ಅಕ್ಷರ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿರುತ್ತದೆ, ಕಾಗುಣಿತ ತಪ್ಪಿರುತ್ತದೆ. ವಿಕ್ಟೋರಿಯಾ ರಾಣಿಯ ವಿ-ಆರ್ ಮುದ್ರೆಯ ಕೆಳಗೆ ಅವಳು ಸತ್ತ 1901ರ ಆಚೆಯ ಇಸವಿ ಇರುವುದೂ ಉಂಟು. ಕೂಟಶಾಸನದಲ್ಲಿ ನಾವು ಹುಡುಕುವುದೂ ಇವೇ ಅಲ್ವೇ: ಲಿಪಿ ತಿಳಿಯದ ಕೈ, ದೊರೆಗೂ ವರ್ಷಕ್ಕೂ ಹೊಂದದ ಲೆಕ್ಕ.

ಇಷ್ಟು ಕೂದಲು ಸೀಳುವುದು ಯಾಕೆ ಅಂದರೆ, ಕಾಲನಿರ್ಣಯದ ಮೇಲೆ ಕಾನೂನೂ ನಿಂತಿದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತು ಪುರಾತನ. ಅದನ್ನು ಖಾಸಗಿಯವರು ದೇಶದಾಚೆಗೆ ಕಳಿಸುವ ಹಾಗಿಲ್ಲ. 1959ರ ಆಯುಧ ಕಾಯ್ದೆಯ 45ನೆಯ ಕಲಮು ಬಳಕೆ ತಪ್ಪಿದ ಮಾದರಿಯ ಅಥವಾ ಪುರಾತನ ಬೆಲೆಯ ಆಯುಧಕ್ಕೆ ವಿನಾಯಿತಿ ಕೊಡುತ್ತದೆ, ಆದರೆ ರಿಪೇರಿ ಮಾಡಿದರೂ ಹಾರದ ಸ್ಥಿತಿಯಲ್ಲಿ ಇದ್ದರೆ ಮಾತ್ರ. 'ಅಜ್ಜನ ಕಾಲದ್ದು' ಎಂಬ ಮಾತಿಗೆ ಪೊಲೀಸ್ ಠಾಣೆಯಲ್ಲಿ ಬೆಲೆಯಿಲ್ಲ. ನಳಿಗೆಯ ಬುಡದ ಎನ್-ಪಿ ಮುದ್ರೆಯೊಂದೇ ಮನೆಯವರ ನೂರೈವತ್ತು ವರ್ಷದ ನಂಬಿಕೆಯನ್ನು ಅಲ್ಲಾಡಿಸಿಬಿಡಬಹುದು.

ಕೊಡಗಿನ ಮನೆಗಳಲ್ಲಿ ಇನ್ನೂ ಹಳೆಯ ತೋಕುಗಳು ಇವೆ. ಕೈಲ್ ಪೊಳ್ದ್ ದಿನ ಅವನ್ನು ಇಳಿಸಿ, ಒರೆಸಿ, ತೋಕ್ ಪೂ ಸಿಕ್ಕಿಸಿ ಪೂಜೆಗೆ ಇಡುತ್ತಾರೆ. ಉಳಿದ ಕಡೆ ಆಯುಧಪೂಜೆ. ಬರಹ ನೋಡಲು ಅದಕ್ಕಿಂತ ಒಳ್ಳೆಯ ದಿನವಿಲ್ಲ, ಬರಹ ಹಾಳಾಗಲು ಕೂಡ. ಇಟ್ಟಿಗೆ ಪುಡಿ, ಹುಣಿಸೆಹಣ್ಣು, ಮರಳು ಕಾಗದ ಯಾವುದೂ ಬೇಡ. ಠಸ್ಸೆಯ ಅಂಚು ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ. ಸುಣ್ಣ, ಸೀಮೆಸುಣ್ಣ ತುಂಬಿ ಫೋಟೋ ತೆಗೆಯುವುದೂ ಬೇಡ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ನಳಿಗೆಗೆ ಸಮನಾಗಿ, ಪಕ್ಕದಿಂದ ಹಿಡಿದರೆ ನೆರಳಿನಲ್ಲಿ ಅಕ್ಷರ ತಾನೇ ಏಳುತ್ತದೆ. ಆಮೇಲೆ ತೆಳು ಕಾಗದ ಇಟ್ಟು ಮೆತ್ತಗೆ ಪೆನ್ಸಿಲ್ ಉಜ್ಜಿದರೆ ಪಡಿಯಚ್ಚು ಸಿಗುತ್ತದೆ. ಹಿಡಿಯ ಮರವನ್ನು ಬಿಚ್ಚಲು ಬಲ್ಲವರಿದ್ದರೆ ನಳಿಗೆಯ ಅಡಿಯನ್ನೂ ನೋಡಿ. ಮಾಡಿದವನ ಮೊದಲಕ್ಷರ, ಜೋಡಣೆಯ ಅಂಕಿ ಹೆಚ್ಚಾಗಿ ಅಲ್ಲಿರುತ್ತವೆ, ಯಾರ ಕೈಯೂ ತಾಗದೆ ಚೊಕ್ಕವಾಗಿ. ಇದೆಲ್ಲಕ್ಕೂ ಮೊದಲು ಮಾಡಬೇಕಾದ್ದು ಒಂದಿದೆ. ಬಾಯಿಯಿಂದ ಮದ್ದು ತುಂಬುವ ಹಳೆ ಬಂದೂಕುಗಳಲ್ಲಿ ಎಷ್ಟೋ ವರ್ಷದ ಹಿಂದೆ ತುಂಬಿದ ಮದ್ದು ಹಾಗೇ ಇರುವುದುಂಟು. ಬಾಯಿಯ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಂತು ಒಂದು ಮರದ ಕೋಲನ್ನು ನಳಿಗೆಯೊಳಗೆ ಮೆತ್ತಗೆ ಇಳಿಸಿ, ಅದೇ ಕೋಲನ್ನು ಹೊರಗಿಂದ ಅಳೆಯಿರಿ. ಬುಡದ ಕಿಂಡಿಯ ತನಕ ಹೋಗದೆ ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆ ಅಂತ ಅರ್ಥ. ಆಗ ಠಸ್ಸೆ ಓದುವ ಕೆಲಸ ಅಲ್ಲಿಗೇ ಬಿಟ್ಟು ಬಲ್ಲವರನ್ನು ಕರೆಸಿ.